ಆ 0.2 ಎಲ್ಲಿಂದ ಬಂತು?

ಅಣ್ಣನ ಮಗಳು ಫಾರ್ಮಸಿ ಪದವಿ ಮುಗಿಸಿದ್ದಾಳೆ. ಹೋದ ತಿಂಗಳು ಒಂದು ರಾತ್ರಿ ಫೋನ್ ಮಾಡಿ, ತಾನು ಮಾಡಿಟ್ಟುಕೊಂಡಿದ್ದ ಪಟ್ಟಿಯನ್ನು ಓದತೊಡಗಿದಳು. ನಾಲ್ಕು ದೇಶಗಳ ಹನ್ನೊಂದು ವಿಶ್ವವಿದ್ಯಾಲಯಗಳು. ಒಂದೊಂದರ ಮುಂದೂ ರ್‍ಯಾಂಕಿಂಗು, ಎಷ್ಟು ವರ್ಷದ ಓದು, ಅರ್ಜಿಗೆ ಕೊನೆಯ ದಿನ ಯಾವುದು ಎಲ್ಲ ಬರೆದುಕೊಂಡಿದ್ದಳು. ಓದಿ ಮುಗಿಸಿ, "ಇದ್ರಲ್ಲಿ ಯಾವ್ದು ಒಳ್ಳೇದು ಅತ್ತೆ?" ಅಂದಳು.

"ಫಾರ್ಮ್.ಡಿ. ಯಾವ್ದು, ಪಿಎಚ್.ಡಿ. ಯಾವ್ದು ಇದ್ರಲ್ಲಿ?"

"ಎರಡೂ ಸೇರಿದೆ. ಎರಡೂ ಡಾಕ್ಟರೇಟೇ ಅಲ್ವಾ?"

ಉತ್ತರ ಹೇಳಲು ಶುರುಮಾಡಿ ಅರ್ಧಕ್ಕೇ ನಿಲ್ಲಿಸಿದೆ. ಐದು ನಿಮಿಷದ ಫೋನಿನಲ್ಲಿ ಮುಗಿಯುವ ಮಾತಾಗಿರಲಿಲ್ಲ ಅದು. ಫಾರ್ಮ್.ಡಿ. ಎಂದರೆ ಡಾಕ್ಟರ್ ಆಫ್ ಫಾರ್ಮಸಿ, ಫಾರ್ಮಸಿಸ್ಟ್ ವೃತ್ತಿಗೆ ತಯಾರು ಮಾಡುವ ಓದು. ಪಿಎಚ್.ಡಿ. ಸಂಶೋಧನೆಯ ಓದು. ನಾನು ಎರಡನ್ನೂ ಮಾಡಿದವಳು. ಮೊದಲನೆಯದನ್ನು ತಪ್ಪು ಕಾರಣಕ್ಕೆ ಆರಿಸಿಕೊಂಡೆ. ಎರಡನೆಯದರ ಬಾಗಿಲಿಗೆ ನನ್ನನ್ನು ಕರೆದೊಯ್ದದ್ದು ಒಂದು ಸಣ್ಣ ಸಂಖ್ಯೆ. ಅವಳಿಗೆ ಹೇಳಬೇಕಾದದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ಅವಳ ಹಾಗೆ ಪಟ್ಟಿ ಹಿಡಿದು ಕೂತಿರುವ ಬೇರೆಯವರಿಗೂ ಇದು ಬೇಕಾಗಬಹುದು.

ಸಂಖ್ಯೆಯಿಂದಲೇ ಶುರುಮಾಡುತ್ತೇನೆ.

ಫಾರ್ಮ್.ಡಿ.ಯ ಕೊನೆಯ ವರ್ಷ, ಜನರಲ್ ಮೆಡಿಸಿನ್ ಪೋಸ್ಟಿಂಗ್. ಬೆಳಗಿನ ರೌಂಡ್ಸ್ ನಡೆಯುತ್ತಿತ್ತು. ಬಹುಕಾಲದಿಂದ ಕಾಯಿಲೆಯಲ್ಲಿದ್ದು ಮೈಯೆಲ್ಲ ಇಳಿದುಹೋಗಿದ್ದ ಒಬ್ಬ ಹೆಂಗಸಿಗೆ ಫಿಟ್ಸ್‌ಗಾಗಿ ಫಿನೈಟಾಯಿನ್ ಕೊಡುತ್ತಿದ್ದರು. ರಕ್ತದಲ್ಲಿ ಔಷಧಿ ಎಷ್ಟಿದೆ ಎಂಬ ರಿಪೋರ್ಟ್ ಬಂದಿತ್ತು: ಮಿಲಿಲೀಟರಿಗೆ 8 ಮೈಕ್ರೋಗ್ರಾಂ. ಸಾಮಾನ್ಯವಾಗಿ ಇರಬೇಕಾದದ್ದು 10ರಿಂದ 20. ಕಡಿಮೆ ಇದೆ ಅಂತ ಡ್ಯೂಟಿ ಡಾಕ್ಟರು ಡೋಸ್ ಹೆಚ್ಚಿಸಿ ಬರೆಯಲು ಪೆನ್ನು ತೆಗೆದಿದ್ದರು. ವಾರ್ಡಿನಲ್ಲಿ ನಮಗೆ ಕಲಿಸುವ ಪ್ರಿಸೆಪ್ಟರ್ ಮೇಡಂ ನನ್ನ ಕಡೆ ತಿರುಗಿ, ಮೆಲ್ಲಗೆ, "ಆಲ್ಬುಮಿನ್ ಎಷ್ಟಿದೆ ನೋಡಮ್ಮ" ಅಂದರು.

ಕೇಸ್ ಶೀಟ್ ತಿರುವಿದೆ. ಡೆಸಿಲೀಟರಿಗೆ 2.0 ಗ್ರಾಂ ಇತ್ತು, ಇರಬೇಕಾದದ್ದಕ್ಕಿಂತ ಬಹಳ ಕಡಿಮೆ.

ಫಿನೈಟಾಯಿನ್‌ನ ನೂರರಲ್ಲಿ ತೊಂಬತ್ತು ಪಾಲು ರಕ್ತದ ಆಲ್ಬುಮಿನ್ ಎಂಬ ಪ್ರೋಟೀನಿಗೆ ಅಂಟಿಕೊಂಡಿರುತ್ತದೆ. ಅಂಟಿಕೊಂಡದ್ದು ಕೆಲಸ ಮಾಡುವುದಿಲ್ಲ. ಬಿಡಿಯಾಗಿ ಓಡಾಡುವ ಉಳಿದ ಹತ್ತು ಪಾಲೇ ಮೆದುಳಿಗೆ ಹೋಗಿ ಫಿಟ್ಸ್ ತಡೆಯುವುದು. ಲ್ಯಾಬ್ ಅಳೆದು ಕೊಟ್ಟದ್ದು ಎರಡನ್ನೂ ಸೇರಿಸಿದ ಒಟ್ಟು ಮೊತ್ತ. ಆಲ್ಬುಮಿನ್ ಕಡಿಮೆಯಾದಾಗ ಅಂಟಿಕೊಳ್ಳಲು ಜಾಗವಿಲ್ಲದೆ ಬಿಡಿ ಔಷಧಿಯ ಪಾಲು ಏರುತ್ತದೆ. ಒಟ್ಟು ಮೊತ್ತ ಕಡಿಮೆ ಕಂಡರೂ ಮೆದುಳಿಗೆ ಸಿಗುತ್ತಿರುವುದು ಸಾಕಷ್ಟು ಇರಬಹುದು. ಇದನ್ನು ತಿದ್ದಿ ನೋಡಲು ಒಂದು ಸೂತ್ರವಿದೆ. ಆಲ್ಬುಮಿನ್‌ ಅನ್ನು 0.2ರಿಂದ ಗುಣಿಸಿ, 0.1 ಕೂಡಿಸಿ, ಬಂದದ್ದರಿಂದ ರಿಪೋರ್ಟಿನ ಸಂಖ್ಯೆಯನ್ನು ಭಾಗಿಸಬೇಕು. ಕೇಸ್ ಶೀಟಿನ ಹಿಂಬದಿಯಲ್ಲಿ ಕೈ ನಡುಗುತ್ತಲೇ ಲೆಕ್ಕ ಮಾಡಿದೆ. 2ನ್ನು 0.2ರಿಂದ ಗುಣಿಸಿದರೆ 0.4, ಅದಕ್ಕೆ 0.1 ಕೂಡಿಸಿದರೆ 0.5. 8ನ್ನು 0.5ರಿಂದ ಭಾಗಿಸಿದರೆ 16.

ಅಂದರೆ ಡೋಸ್ ಸರಿಯಾಗಿಯೇ ಇತ್ತು. ಫಿನೈಟಾಯಿನ್ ವಿಷಯದಲ್ಲಿ ಇನ್ನೂ ಒಂದು ಅಪಾಯವಿದೆ. ಅದನ್ನು ಕರಗಿಸುವ ಯಕೃತ್ತಿನ ಕಿಣ್ವಗಳು ಒಂದು ಹಂತದಲ್ಲಿ ತುಂಬಿಹೋಗುತ್ತವೆ. ಆಮೇಲೆ ಡೋಸ್ ಸ್ವಲ್ಪವೇ ಹೆಚ್ಚಿಸಿದರೂ ರಕ್ತದಲ್ಲಿ ಅದರ ಮಟ್ಟ ಜಿಗಿದುಬಿಡುತ್ತದೆ. ಕಣ್ಣುಗುಡ್ಡೆ ಅದುರುವುದು, ನಡಿಗೆ ತೂರಾಡುವುದು, ಮಂಪರು ಶುರುವಾಗುತ್ತವೆ. ಡಾಕ್ಟರು ನನ್ನ ಲೆಕ್ಕ ನೋಡಿದರು, ಮೇಡಂ ಮುಖ ನೋಡಿದರು, ಪೆನ್ನಿಗೆ ಕ್ಯಾಪ್ ಹಾಕಿ ಪಕ್ಕದ ಹಾಸಿಗೆಗೆ ಹೋದರು. ಅಷ್ಟೇ ನಡೆದದ್ದು. ಆದರೆ ಐದು ವರ್ಷ ಓದಿದ್ದು ಏತಕ್ಕೆ ಅಂತ ನನಗೆ ಮೊದಲ ಸಲ ಗೊತ್ತಾದದ್ದು ಆ ಬೆಳಿಗ್ಗೆ.

ಅದೇ ರಾತ್ರಿ ನಿದ್ದೆ ಬರಲಿಲ್ಲ. ಸಂತೋಷ ಒಂದು ಕಡೆ ಇತ್ತು, ಅದಕ್ಕಿಂತ ಹೆಚ್ಚಾಗಿ ಆ 0.2 ಕಾಡುತ್ತಿತ್ತು. ಯಾರು ಹೇಳಿದರು 0.2 ಅಂತ? 0.3 ಯಾಕಲ್ಲ? ಮರುದಿನ ಮೇಡಂ ಹತ್ತಿರ ಕೇಳಿದೆ. "ನನಗೂ ಗೊತ್ತಿಲ್ಲಮ್ಮ. ಹುಡುಕು, ಸಿಕ್ಕಿದ್ರೆ ನನಗೂ ಹೇಳು" ಅಂದರು. ಹದಿನೈದು ವರ್ಷ ಅನುಭವವಿದ್ದವರು ವಿದ್ಯಾರ್ಥಿಯ ಮುಂದೆ ಗೊತ್ತಿಲ್ಲ ಅಂದದ್ದು ಕೇಳಿ ನನಗೆ ಆಶ್ಚರ್ಯವಾಗಿತ್ತು. ಇಂದಿಗೂ ಒಂದು ವಿಭಾಗ ಹೇಗಿದೆ ಅಂತ ಅಳೆಯಬೇಕಾದರೆ ಮೊದಲು ನೋಡುವುದು ಇದನ್ನೇ: ಅಲ್ಲಿನ ಹಿರಿಯರ ಬಾಯಲ್ಲಿ ಈ ಮಾತು ಬರುತ್ತದೆಯೇ?

ಹುಡುಕಿದೆ. ಆ ಸೂತ್ರವನ್ನು ಶೈನರ್-ಟೋಜರ್ ಸಮೀಕರಣ ಎನ್ನುತ್ತಾರೆ. ಲೂಯಿಸ್ ಶೈನರ್ ವೈದ್ಯರು, ಥಾಮಸ್ ಟೋಜರ್ ಫಾರ್ಮಸಿಯವರು. ಇಬ್ಬರೂ ಸ್ಯಾನ್ ಫ್ರಾನ್ಸಿಸ್ಕೋದ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಲ್ಲಿದ್ದವರು. ಬಿಡಿಯಾಗಿ ಉಳಿಯುವುದು ಹತ್ತನೇ ಒಂದು ಪಾಲು, ಅದೇ 0.1. ಅಂಟಿಕೊಳ್ಳುವುದು 0.9 ಪಾಲು. ಆರೋಗ್ಯವಂತರ ಆಲ್ಬುಮಿನ್ 4.4 ಅಂತ ಇಟ್ಟುಕೊಂಡು 0.9ನ್ನು ಅದರಿಂದ ಭಾಗಿಸಿದರೆ ಸುಮಾರು 0.2. ಇಷ್ಟೇ ಗುಟ್ಟು. ಆದರೆ ಗುಟ್ಟು ಬಿಡಿಸಿದ ಮೇಲೆ ಕಳವಳ ಹೆಚ್ಚಾಯಿತು. ಅಂಟಿಕೊಳ್ಳುವ ಶಕ್ತಿ ಎಲ್ಲರಲ್ಲೂ ಒಂದೇ ಇರುತ್ತದೆ ಎಂದು ನಂಬಿ ಮಾಡಿದ ಲೆಕ್ಕ ಇದು. ಮೂತ್ರಪಿಂಡ ಪೂರ್ತಿ ಸೋತವರಲ್ಲಿ 0.2ರ ಜಾಗದಲ್ಲಿ 0.1 ಹಾಕಬೇಕು. ತೀವ್ರ ನಿಗಾ ಘಟಕದ ರೋಗಿಗಳಲ್ಲಿ ಸೂತ್ರ ಹೇಳುವುದೂ ನಿಜವಾಗಿ ಅಳೆದ ಬಿಡಿ ಔಷಧಿಯ ಮಟ್ಟವೂ ಬೇರೆಬೇರೆ ಬರುವುದುಂಟು, ಕೆಲವರಲ್ಲಿ 0.25 ವಾಸಿ ಎಂದು ವಾದಿಸಿದವರಿದ್ದಾರೆ. ಹಾಗಾದರೆ ನಾನು ಆ ದಿನ ಹೇಳಿದ 16 ನಿಜವಾಗಿ 16 ಆಗಿತ್ತೇ?

ಅಣ್ಣನ ಮಗಳಿಗೆ ನಾನು ಕೊಡಬಹುದಾದ ಉತ್ತರ ಇಲ್ಲಿದೆ. ಫಾರ್ಮ್.ಡಿ. ಆ 0.2 ಅನ್ನು ಸರಿಯಾದ ಹೊತ್ತಿಗೆ, ಸರಿಯಾದ ಹಾಸಿಗೆಯ ಪಕ್ಕ ನೆನಪಿಸಿಕೊಳ್ಳಲು ಕಲಿಸುತ್ತದೆ. ಪಿಎಚ್.ಡಿ. ಅದೇ 0.2 ಅನ್ನು ಅನುಮಾನಿಸಲು, ಅನುಮಾನವನ್ನು ಪರೀಕ್ಷೆಗೆ ಒಡ್ಡಲು ಕಲಿಸುತ್ತದೆ. ಮೊದಲನೆಯದರಲ್ಲಿ ತಡವಾಗಿ ಬಂದ ಉತ್ತರಕ್ಕೆ ಬೆಲೆಯಿಲ್ಲ, ರೋಗಿ ಕಾಯುವುದಿಲ್ಲ. ಎರಡನೆಯದರಲ್ಲಿ ಬೇಗ ಬಂದ ಉತ್ತರವನ್ನು ನಂಬುವ ಹಾಗಿಲ್ಲ. ಹೆಸರಿನ ಹಿಂದೆ ಬರುವ ಅಕ್ಷರಗಳು ಹತ್ತಿರ ಹತ್ತಿರ ಇದ್ದರೂ ಬೇಕಾಗುವ ಸ್ವಭಾವ ಬೇರೆ. ಇವೆರಡನ್ನೂ ಒಂದೇ ಪಟ್ಟಿಯಲ್ಲಿ ರ್‍ಯಾಂಕಿಂಗ್ ಪ್ರಕಾರ ಜೋಡಿಸಿದರೆ ಪಟ್ಟಿ ಏನನ್ನೂ ಹೇಳುವುದಿಲ್ಲ.

ಫಾರ್ಮಸಿಯಲ್ಲಿ ಡಾಕ್ಟರ್ ಎಂಬ ಹೆಸರು ಹೇಗೆ ಬಂತು ಅಂತ ಸ್ವಲ್ಪ ತಿಳಿದುಕೊಂಡರೆ ಈ ಗೊಂದಲ ಕಡಿಮೆಯಾಗುತ್ತದೆ. ಅಮೆರಿಕದಲ್ಲಿ ಮೊದಲ ಫಾರ್ಮ್.ಡಿ. ಕೋರ್ಸ್ ಶುರುಮಾಡಿದ್ದು ಸದರ್ನ್ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯ, 1950ರಲ್ಲಿ. ಆಗ ಫಾರ್ಮಸಿಸ್ಟ್ ಎಂದರೆ ಅಂಗಡಿಯ ಕೌಂಟರಿನ ಹಿಂದೆ ನಿಂತು ಚೀಟಿಯಲ್ಲಿದ್ದದ್ದನ್ನು ಕೊಡುವವರು. 1960ರಲ್ಲಿ ವರ್ಜೀನಿಯಾದ ಬೆರಿವಿಲ್ ಎಂಬ ಸಣ್ಣ ಊರಿನ ಯೂಜಿನ್ ವೈಟ್ ಎಂಬ ಫಾರ್ಮಸಿಸ್ಟ್ ತಮ್ಮ ಅಂಗಡಿಯ ಇತರ ಸಾಮಾನುಗಳನ್ನೆಲ್ಲ ತೆಗೆದುಹಾಕಿ, ವೈದ್ಯರ ಕಚೇರಿಯಂತೆ ಮಾಡಿ, ಬಂದ ಪ್ರತಿಯೊಬ್ಬ ರೋಗಿಯ ಔಷಧಿಗಳ ದಾಖಲೆ ಇಡತೊಡಗಿದರು. ಇವತ್ತು ಇದು ಸಹಜವಾಗಿ ಕಾಣುತ್ತದೆ, ಆಗ ಅದೊಂದು ಸಾಹಸ. 1966ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದ ಆ ವಿಶ್ವವಿದ್ಯಾಲಯದ ಆಸ್ಪತ್ರೆಯಲ್ಲೇ ಒಂಬತ್ತನೆಯ ಮಹಡಿಯ ಶಸ್ತ್ರಚಿಕಿತ್ಸಾ ವಾರ್ಡಿನೊಳಗೆ ಒಂದು ಪುಟ್ಟ ಫಾರ್ಮಸಿ ತೆರೆದರು. ನೆಲಮಾಳಿಗೆಯ ಔಷಧಿ ಉಗ್ರಾಣ ಬಿಟ್ಟು ಫಾರ್ಮಸಿಸ್ಟ್ ರೋಗಿ ಇರುವಲ್ಲಿಗೆ ಬಂದದ್ದು ಹಾಗೆ. ಕ್ಲಿನಿಕಲ್ ಫಾರ್ಮಸಿಯ ಕಥೆ ಹೇಳುವವರೆಲ್ಲ ಆ ಒಂಬತ್ತನೇ ಮಹಡಿಯನ್ನು ನೆನೆಯುತ್ತಾರೆ. ಅದೇ ಸಂಸ್ಥೆಯಿಂದಲೇ ನನ್ನ 0.2 ಬಂದದ್ದೆಂದು ತಿಳಿದಾಗ ನನಗೆ ಬಹಳ ಖುಷಿಯಾಯಿತು. ಹಾಸಿಗೆಯ ಪಕ್ಕ ನಿಲ್ಲುವವರೂ ಲೆಕ್ಕ ಮಾಡುವವರೂ ಒಂದೇ ಆವರಣದಲ್ಲಿದ್ದರು. ಎದುರಿಗೆ ಸಿಕ್ಕಾಗ ಏನೇನು ಮಾತಾಡಿರಬಹುದು!

1990ರಲ್ಲಿ ಚಾರ್ಲ್ಸ್ ಹೆಪ್ಲರ್ ಮತ್ತು ಲಿಂಡಾ ಸ್ಟ್ರ್ಯಾಂಡ್ ಎಂಬ ಇಬ್ಬರು, ಔಷಧಿಯಿಂದ ರೋಗಿಗೆ ಏನಾಯಿತು ಎಂಬುದಕ್ಕೆ ಫಾರ್ಮಸಿಸ್ಟ್ ಕೂಡ ಹೊಣೆ ಎಂದು ಬರೆದರು. ಆಮೇಲೆ ಅಮೆರಿಕದಲ್ಲೇ ಓದಿ ಫಾರ್ಮಸಿಸ್ಟ್ ಆಗಲು ಫಾರ್ಮ್.ಡಿ. ಒಂದೇ ದಾರಿಯಾಯಿತು. ಜಪಾನ್ 2006ರಲ್ಲಿ ಆರು ವರ್ಷದ ಓದಿಗೆ ಬದಲಾಯಿತು. ಭಾರತದಲ್ಲಿ 2008ರಲ್ಲಿ ಫಾರ್ಮ್.ಡಿ. ಬಂತು: ಐದು ವರ್ಷ ಓದು, ಒಂದು ವರ್ಷ ಇಂಟರ್ನ್‌ಶಿಪ್, ಪದವಿ ಮುಗಿಸಿದವರಿಗೆ ಮೂರು ವರ್ಷದ ಬೇರೊಂದು ದಾರಿ. ಬ್ರಿಟನ್ನಿನಲ್ಲಾದರೆ ನಾಲ್ಕು ವರ್ಷದ ಮಾಸ್ಟರ್ಸ್ ಪದವಿ, ಅದರ ಮೇಲೊಂದು ವರ್ಷದ ತರಬೇತಿ ಸಾಕು. ಡಾಕ್ಟರೇಟ್ ಎಂಬ ಹೆಸರೇ ಇಲ್ಲದೆ ಅಲ್ಲಿನ ಫಾರ್ಮಸಿಸ್ಟರು ಔಷಧಿ ಬರೆಯುವ ಅಧಿಕಾರವನ್ನೂ ಪಡೆಯುತ್ತಿದ್ದಾರೆ.

ಹೀಗಾಗಿ ಫಾರ್ಮ್.ಡಿ. ಎಂಬುದು ಒಂದು ವೃತ್ತಿಗೆ ಸಿಗುವ ಪರವಾನಗಿಯ ಓದು. ಆ ಪರವಾನಗಿ ಕೊಡುವುದು ವಿಶ್ವವಿದ್ಯಾಲಯವಲ್ಲ, ಆಯಾ ದೇಶದ ನೋಂದಣಿ ಮಂಡಳಿ. ಎಲ್ಲಿ ಕೆಲಸ ಮಾಡಬೇಕೆಂದಿದ್ದೇವೋ ಅಲ್ಲಿನ ಮಂಡಳಿ ಏನು ಕೇಳುತ್ತದೆ ಅಂತ ಮೊದಲು ಓದಿ, ಆಮೇಲೆ ವಿಶ್ವವಿದ್ಯಾಲಯದ ಪುಟ ತೆರೆಯಬೇಕು. ಒಂದು ಉದಾಹರಣೆ ಕೊಡುತ್ತೇನೆ. ಹೊರದೇಶದಲ್ಲಿ ಓದಿ ಅಮೆರಿಕದಲ್ಲಿ ಫಾರ್ಮಸಿಸ್ಟ್ ಆಗಬಯಸುವವರು, 2003ರ ಜನವರಿ 1ರಂದು ಅಥವಾ ಆಮೇಲೆ ಪದವಿ ಪಡೆದಿದ್ದರೆ, ಕನಿಷ್ಠ ಐದು ವರ್ಷದ ಫಾರ್ಮಸಿ ಓದು ಮಾಡಿರಬೇಕು. ನಾಲ್ಕು ವರ್ಷದ ಪದವಿ ಮಾತ್ರ ಇದ್ದವರಿಗೆ ಅರ್ಹತಾ ಪರೀಕ್ಷೆಯ ಬಾಗಿಲೇ ತೆರೆಯುವುದಿಲ್ಲ. ಆ ಕೊರತೆಯನ್ನು ಪಿಎಚ್.ಡಿ. ತುಂಬಿಕೊಡುತ್ತದೆ ಅಂದುಕೊಂಡು ವರ್ಷಗಳನ್ನು ಕಳೆದುಕೊಂಡ ಇಬ್ಬರನ್ನು ನಾನು ಬಲ್ಲೆ. ತುಂಬಿಕೊಡುವುದಿಲ್ಲ.

ಈಗ ನನ್ನ ತಪ್ಪಿನ ವಿಷಯ.

ನಾನು ಫಾರ್ಮ್.ಡಿ.ಗೆ ಕಾಲೇಜು ಆರಿಸಿದ್ದು ಅದರ ಪ್ರಯೋಗಾಲಯ ನೋಡಿ. ಹೊಸ ಕಟ್ಟಡ, ಹೊಳೆಯುವ ಯಂತ್ರಗಳು, ರಾತ್ರಿ ಹನ್ನೊಂದರವರೆಗೆ ತೆರೆದಿರುವ ಗ್ರಂಥಾಲಯ. ಆಸ್ಪತ್ರೆ ಎಲ್ಲಿದೆ ಅಂತ ಕೇಳಲೇ ಇಲ್ಲ. ಅದು ದೂರವಿತ್ತು, ಹೋಗಿಬರುವುದರಲ್ಲೇ ಅರ್ಧ ದಿನ ಮುಗಿಯುತ್ತಿತ್ತು. ಹೋದಾಗಲೂ ನಾವು ಏಳೆಂಟು ಜನ ವಾರ್ಡಿನ ಮೂಲೆಯಲ್ಲಿ ನಿಂತು ಕೇಸ್ ಶೀಟ್ ನೋಡಿ ಬರೆದುಕೊಳ್ಳುತ್ತಿದ್ದೆವು. ಯಾರೂ ನಮ್ಮನ್ನು ಏನೂ ಕೇಳುತ್ತಿರಲಿಲ್ಲ. ನಾವು ಬರೆದ ಫೈಲುಗಳು ಕಾಲೇಜಿಗೆ ಹೋಗಿ, ಸಹಿ ಬಿದ್ದು, ಕಪಾಟು ಸೇರುತ್ತಿದ್ದವು. ರೋಗಿಗೆ ಕೊಡುವ ಎರಡು ಔಷಧಿಗಳ ನಡುವೆ ಹೊಂದಾಣಿಕೆಯಿಲ್ಲ ಅಂತ ನಾನು ಕಂಡುಹಿಡಿದು ಬರೆದಿದ್ದರೂ ಅದು ಆ ರೋಗಿಯ ವೈದ್ಯರನ್ನು ತಲುಪುವ ದಾರಿಯೇ ಇರಲಿಲ್ಲ. ಕೊನೆಯ ವರ್ಷದಲ್ಲಿ ಪೋಸ್ಟಿಂಗ್ ಬೇರೆ ಆಸ್ಪತ್ರೆಗೆ ಬಿದ್ದು ಆ ಮೇಡಂ ಸಿಕ್ಕಿದ್ದು ನನ್ನ ಪುಣ್ಯ. ಸಿಗದಿದ್ದರೆ ಪದವಿ ಬರುತ್ತಿತ್ತು, ವಿದ್ಯೆ ಬರುತ್ತಿರಲಿಲ್ಲ. ಮೊದಲಿನ ಆ ವರ್ಷಗಳು ಹಾಗೆ ಹೋದವಲ್ಲ ಎಂಬ ನೋವು ಇನ್ನೂ ಇದೆ.

ಆದ್ದರಿಂದ ಫಾರ್ಮ್.ಡಿ.ಗೆ ವಿಶ್ವವಿದ್ಯಾಲಯ ಹುಡುಕುವವರು ಮೊದಲು ಆಸ್ಪತ್ರೆಯನ್ನು ಹುಡುಕಬೇಕು ಅಂತ ನಾನು ಪಟ್ಟುಹಿಡಿದು ಹೇಳುತ್ತೇನೆ. ನಿಯಮಗಳೂ ಅದನ್ನೇ ಹೇಳುತ್ತವೆ. ಅಮೆರಿಕದಲ್ಲಿ ಕೊನೆಯ ವರ್ಷದಲ್ಲಿ ಕನಿಷ್ಠ 1,440 ಗಂಟೆ, ಅದಕ್ಕೂ ಮೊದಲಿನ ವರ್ಷಗಳಲ್ಲಿ ಕನಿಷ್ಠ 300 ಗಂಟೆ ರೋಗಿಗಳ ನಡುವೆ ಕಳೆಯಬೇಕು. ಭಾರತದ ನಿಯಮ ಕನಿಷ್ಠ 300 ಹಾಸಿಗೆಗಳ ಆಸ್ಪತ್ರೆ ಬೇಕೆನ್ನುತ್ತದೆ. ಇಂಟರ್ನ್‌ಶಿಪ್‌ನಲ್ಲಿ ಆರು ತಿಂಗಳು ಜನರಲ್ ಮೆಡಿಸಿನ್, ಉಳಿದ ಆರು ತಿಂಗಳು ಬೇರೆ ಮೂರು ವಿಭಾಗಗಳಲ್ಲಿ ಎರಡೆರಡು ತಿಂಗಳು. ಈ ಸಂಖ್ಯೆಗಳನ್ನು ಎಲ್ಲ ಕಾಲೇಜುಗಳೂ ಕಾಗದದ ಮೇಲೆ ಪೂರೈಸಿರುತ್ತವೆ. ಗಂಟೆಗಳು ಹೇಗೆ ಕಳೆಯುತ್ತವೆ ಎಂಬುದು ಕಾಗದದಲ್ಲಿ ಇರುವುದಿಲ್ಲ. ಅದನ್ನು ತಿಳಿಯಲು ನನಗೆ ಗೊತ್ತಿರುವ ದಾರಿ ಒಂದೇ. ಅಲ್ಲಿ ಕೊನೆಯ ವರ್ಷದಲ್ಲಿರುವ ವಿದ್ಯಾರ್ಥಿಯನ್ನು ಹುಡುಕಿ ಕೇಳಬೇಕು: ವಾರ್ಡಿನಲ್ಲಿ ನಿಮ್ಮನ್ನು ಕೊನೆಯ ಸಲ ಯಾರು, ಏನು ಕೇಳಿದರು? ನೀವು ಹೇಳಿದ್ದರಿಂದ ಔಷಧಿ ಏನಾದರೂ ಬದಲಾಯಿತೇ? ಕೋರ್ಸ್ ಹೇಗಿದೆ ಅಂತ ಕೇಳಿದರೆ ಎಲ್ಲರೂ ಚೆನ್ನಾಗಿದೆ ಅನ್ನುತ್ತಾರೆ. ಈ ಪ್ರಶ್ನೆಗೆ ಮಾತ್ರ ಹಾಗೆ ತೇಲಿಸಿ ಉತ್ತರಿಸಲಾಗುವುದಿಲ್ಲ. ಒಂದೋ ಘಟನೆ ಹೇಳುತ್ತಾರೆ, ಇಲ್ಲವೇ ಸುಮ್ಮನಾಗುತ್ತಾರೆ.

ಇನ್ನೊಂದು ಪ್ರಶ್ನೆಯೂ ಇದೆ. ಫಾರ್ಮಸಿಸ್ಟ್ ಬರೆದ ಟಿಪ್ಪಣಿ ರೋಗಿಯ ಕೇಸ್ ಶೀಟಿನಲ್ಲಿ ಸೇರುತ್ತದೆಯೋ, ಬೇರೆ ಫೈಲಿನಲ್ಲಿ ಉಳಿಯುತ್ತದೆಯೋ? ಚಿಕ್ಕ ವಿಷಯದಂತೆ ಕಾಣುತ್ತದೆ. ಮೆಥೊಟ್ರೆಕ್ಸೇಟ್ ಎಂಬ ಮಾತ್ರೆಯನ್ನು ಸಂಧಿವಾತಕ್ಕೆ ವಾರಕ್ಕೊಮ್ಮೆ ಕೊಡುತ್ತಾರೆ. ಬರೆಯುವಾಗಲೋ ಓದುವಾಗಲೋ ತಪ್ಪಾಗಿ ಅದು ದಿನಕ್ಕೊಮ್ಮೆ ಆದರೆ ಅಸ್ಥಿಮಜ್ಜೆ ಕುಗ್ಗಿ, ಬಾಯಲ್ಲಿ ಹುಣ್ಣಾಗಿ, ಸೋಂಕು ತಗುಲಿ ಜೀವವೇ ಹೋಗಬಹುದು. ಲೋಕದ ನಾನಾ ಕಡೆ ಹೋಗಿದೆ ಕೂಡ. ಅದನ್ನು ಕಂಡ ವಿದ್ಯಾರ್ಥಿಯ ಮಾತು ಅದೇ ದಿನ ತಲುಪಬೇಕಾದವರಿಗೆ ತಲುಪುತ್ತದೆಯೇ ಎಂಬುದು ಆ ಆಸ್ಪತ್ರೆ ಆ ವಿದ್ಯಾರ್ಥಿಯನ್ನು ಏನೆಂದು ತಿಳಿದಿದೆ ಎಂಬುದರ ಗುರುತು.

ಮಾನ್ಯತೆ ಬಗ್ಗೆ ಹೆಚ್ಚು ಹೇಳುವುದಿಲ್ಲ, ಆದರೆ ನೋಡದೆ ಹಣ ಕಟ್ಟಬಾರದು. ಅಮೆರಿಕದ ಹೊಸ ಕೋರ್ಸುಗಳಿಗೆ ಪೂರ್ಣ ಮಾನ್ಯತೆ ಒಮ್ಮೆಲೇ ಸಿಗುವುದಿಲ್ಲ. ಮೊದಲ ತಂಡ ಪದವಿ ಪಡೆಯುವವರೆಗೆ ಅವು ಪೂರ್ವ ಹಂತದಲ್ಲಿರುತ್ತವೆ. ಅಂಥ ಕಡೆ ಸೇರುವುದು ತಪ್ಪಲ್ಲ. ತಿಳಿದು ಸೇರಬೇಕು, ಅಷ್ಟೇ. ಪರವಾನಗಿ ಪರೀಕ್ಷೆಯಲ್ಲಿ ಮೊದಲ ಯತ್ನದಲ್ಲೇ ಎಷ್ಟು ಜನ ತೇರ್ಗಡೆಯಾದರು ಎಂಬ ಅಂಕಿಅಂಶ ಅಲ್ಲಿ ಕಾಲೇಜುವಾರು ಪ್ರಕಟವಾಗುತ್ತದೆ. ಅದರ ಜೊತೆಗೇ, ಸೇರಿದವರಲ್ಲಿ ಎಷ್ಟು ಜನ ಹೊತ್ತಿಗೆ ಸರಿಯಾಗಿ ಮುಗಿಸಿದರು ಎಂಬುದನ್ನೂ ನೋಡಬೇಕು. ಕಷ್ಟಪಡುವವರು ಮಧ್ಯದಲ್ಲೇ ಉದುರಿಹೋದರೆ ತೇರ್ಗಡೆಯ ಸಂಖ್ಯೆ ತಾನಾಗಿ ಚೆಂದ ಕಾಣುತ್ತದೆ. ಪಿಕ್ಯಾಟ್ ಪ್ರವೇಶ ಪರೀಕ್ಷೆಗೆ ಓದಬೇಕೇ ಅಂತ ಈಗಲೂ ಕೇಳುವವರಿದ್ದಾರೆ. ಅದು 2024ರ ಜನವರಿಯಲ್ಲಿ ನಿಂತುಹೋಯಿತು.

ಪಿಎಚ್.ಡಿ.ಯ ವಿಷಯಕ್ಕೆ ಬಂದರೆ, ನನ್ನ ಮನಸ್ಸಿಗೆ ಬರುವುದು ಅಮೆರಿಕದ ಔಷಧಿ ನಿಯಂತ್ರಣ ಇಲಾಖೆಯಲ್ಲಿದ್ದ ಫ್ರಾನ್ಸಿಸ್ ಕೆಲ್ಸಿ. ಮದುವೆಗೆ ಮುಂಚೆ ಅವರ ಹೆಸರು ಫ್ರಾನ್ಸಿಸ್ ಓಲ್ಡಂ. ಕೆನಡಾದ ಮೆಕ್‌ಗಿಲ್ ವಿಶ್ವವಿದ್ಯಾಲಯದಲ್ಲಿ ಸ್ನಾತಕೋತ್ತರ ಪದವಿ ಮುಗಿಸಿದ್ದರು. ಅದು ಆರ್ಥಿಕ ಕುಸಿತದ ಕಾಲ, ಕೆಲಸವಿಲ್ಲ. ಶಿಕಾಗೋ ವಿಶ್ವವಿದ್ಯಾಲಯದಲ್ಲಿ ಗೈಲಿಂಗ್ ಎಂಬ ಪ್ರಾಧ್ಯಾಪಕರು ಫಾರ್ಮಕಾಲಜಿ ವಿಭಾಗವನ್ನು ಹೊಸದಾಗಿ ಕಟ್ಟುತ್ತಿದ್ದಾರೆ, ಅವರಿಗೆ ಬರೆ ಅಂತ ಮೆಕ್‌ಗಿಲ್‌ನ ಪ್ರಾಧ್ಯಾಪಕರೊಬ್ಬರು ಹೇಳಿದರು, ಇವರು ಬರೆದರು. ಬಂದ ಉತ್ತರ 'ಮಿಸ್ಟರ್ ಓಲ್ಡಂ' ಹೆಸರಿಗಿತ್ತು. ಹೆಸರು ನೋಡಿ ಗಂಡಸೆಂದು ತಿಳಿದು ಅವಕಾಶ ಕೊಟ್ಟಿದ್ದರು. 1936ರಲ್ಲಿ ಅವರು ಹೋಗಿ ಸೇರಿಕೊಂಡರು. ಮರುವರ್ಷ, 1937ರಲ್ಲಿ, ಸಲ್ಫಾನಿಲಮೈಡ್ ಎಂಬ ಔಷಧಿಯನ್ನು ಡೈಎಥಿಲೀನ್ ಗ್ಲೈಕಾಲ್‌ನಲ್ಲಿ ಕರಗಿಸಿ ಮಾರಿದ್ದರಿಂದ ಅಮೆರಿಕದಲ್ಲಿ ನೂರಕ್ಕೂ ಹೆಚ್ಚು ಜನ ಸತ್ತರು, ಅದರಲ್ಲಿ ಮಕ್ಕಳೂ ಇದ್ದರು. ಕೊಂದದ್ದು ಔಷಧಿಯೋ, ಕರಗಿಸಿದ ದ್ರವವೋ ಎಂಬುದನ್ನು ಪ್ರಾಣಿಗಳ ಮೇಲೆ ಪರೀಕ್ಷಿಸಿ ನೋಡಿದ ಪ್ರಯೋಗಾಲಯಗಳಲ್ಲಿ ಗೈಲಿಂಗರದೂ ಒಂದು. ವಿದ್ಯಾರ್ಥಿನಿಯಾಗಿದ್ದ ಅವರು ಆ ಕೆಲಸದಲ್ಲಿದ್ದರು. 1938ರಲ್ಲಿ ದೇಶದ ಔಷಧಿ ಕಾನೂನು ಬದಲಾಯಿತು, ಅದೇ ವರ್ಷ ಅವರ ಪಿಎಚ್.ಡಿ.ಯೂ ಮುಗಿಯಿತು. 1960ರಲ್ಲಿ ಥಾಲಿಡೋಮೈಡ್ ಎಂಬ ನಿದ್ದೆಯ ಔಷಧಿಯನ್ನು ಮಾರಲು ಅನುಮತಿ ಕೇಳುವ ಅರ್ಜಿ ಅವರ ಮೇಜಿಗೆ ಬಂದಾಗ, ಕಂಪನಿ ಎಷ್ಟು ಒತ್ತಡ ಹಾಕಿದರೂ, ಈ ಪುರಾವೆ ಸಾಲದು ಅಂತ ಅವರು ಮತ್ತೆ ಮತ್ತೆ ಹಿಂದಕ್ಕೆ ಕಳಿಸಿದರು. ಬಸುರಿಯರು ಅದನ್ನು ತೆಗೆದುಕೊಂಡದ್ದರಿಂದ ಬೇರೆ ದೇಶಗಳಲ್ಲಿ ಸಾವಿರಾರು ಮಕ್ಕಳು ಕೈಕಾಲು ಊನವಾಗಿ ಹುಟ್ಟಿದ್ದು ಆಮೇಲೆ ಲೋಕಕ್ಕೆ ಗೊತ್ತಾಯಿತು.

ಅವರ ಪಿಎಚ್.ಡಿ. ಸಲ್ಫಾನಿಲಮೈಡ್ ಬಗ್ಗೆ ಆಗಿರಲಿಲ್ಲ, ಪಿಟ್ಯೂಟರಿ ಗ್ರಂಥಿಯ ಬಗ್ಗೆ. ನನಗೆ ಈ ವಿವರ ಬಹಳ ಮುಖ್ಯ. ಪ್ರಬಂಧದ ವಿಷಯ ಮರೆತುಹೋಗಬಹುದು. ಗೈಡ್ ಪಕ್ಕದಲ್ಲಿ ನಿಂತು ಏನೇನು ನೋಡಿದೆವು ಎಂಬುದು ಮರೆಯುವುದಿಲ್ಲ. ಪಿಎಚ್.ಡಿ. ಆರಿಸುವಾಗ ನಾವು ಆರಿಸುವುದು ಒಬ್ಬ ವ್ಯಕ್ತಿಯನ್ನು, ಅವರ ಸುತ್ತ ಇರುವ ನಾಲ್ಕೈದು ಜನರನ್ನು. ವಿಶ್ವವಿದ್ಯಾಲಯದ ಹೆಸರು ಪ್ರಮಾಣಪತ್ರದ ಮೇಲೆ ಒಂದು ದಿನ ಬರುತ್ತದೆ. ಗೈಡ್ ದಿನಾ ಬರುತ್ತಾರೆ.

ನನಗೆ ಇಬ್ಬರ ಕಡೆ ಅವಕಾಶವಿತ್ತು. ಒಬ್ಬರು ಆ ಕ್ಷೇತ್ರದಲ್ಲಿ ದೊಡ್ಡ ಹೆಸರು, ಪ್ರಯೋಗಾಲಯದಲ್ಲಿ ಇಪ್ಪತ್ತಕ್ಕೂ ಹೆಚ್ಚು ಜನ. ನನ್ನ ಪತ್ರಕ್ಕೆ ಅವರ ಕಚೇರಿಯಿಂದ ಎರಡು ಸಾಲಿನ ಒಪ್ಪಿಗೆ ಬಂತು. ಇನ್ನೊಬ್ಬರು ಅಷ್ಟು ಪ್ರಸಿದ್ಧರಲ್ಲ. ಫಿನೈಟಾಯಿನ್ ಘಟನೆ ಬರೆದು, ಬಿಡಿ ಔಷಧಿಯ ಮಟ್ಟವನ್ನು ತೀವ್ರ ನಿಗಾ ಘಟಕದಲ್ಲಿ ಅಧ್ಯಯನ ಮಾಡುವ ಆಸೆ ಎಂದಿದ್ದೆ. ಅವರು ಒಪ್ಪಿಗೆಯನ್ನೂ ಕೊಡದೆ ಆರು ಪ್ರಶ್ನೆ ಕಳಿಸಿದರು. ಆ ರೋಗಿಯ ಮೂತ್ರಪಿಂಡ ಹೇಗಿತ್ತು? ವಾಲ್ಪ್ರೋಯೇಟ್ ಎಂಬ ಫಿಟ್ಸ್‌ನ ಇನ್ನೊಂದು ಔಷಧಿ ಕೊಡುತ್ತಿದ್ದರೇ? ರಕ್ತ ತೆಗೆದದ್ದು ಡೋಸ್ ಕೊಟ್ಟು ಎಷ್ಟು ಹೊತ್ತಿಗೆ? ಎರಡನೆಯದಕ್ಕೆ ನನ್ನ ಬಳಿ ಉತ್ತರವೇ ಇರಲಿಲ್ಲ. ವಾಲ್ಪ್ರೋಯೇಟ್ ಕೂಡ ಆಲ್ಬುಮಿನ್‌ಗೇ ಅಂಟಿಕೊಂಡು ಫಿನೈಟಾಯಿನ್‌ ಅನ್ನು ಹೊರದಬ್ಬುತ್ತದೆ. ಆಗ ನನ್ನ ಸೂತ್ರ ಇನ್ನಷ್ಟು ತಪ್ಪುತ್ತದೆ. ಅವರ ಬಳಿಗೇ ಹೋದೆ. ಆ ಆಯ್ಕೆಯಿಂದ ಕಷ್ಟವಾಗಲಿಲ್ಲ ಎಂದರೆ ಸುಳ್ಳಾಗುತ್ತದೆ. ಅನುದಾನ ಕಡಿಮೆಯಿತ್ತು. ಸ್ಯಾಂಪಲ್ ಅಳೆಯುವ ಯಂತ್ರ ಬೇರೆ ವಿಭಾಗದ್ದು, ನಮಗೆ ಸಿಗುತ್ತಿದ್ದದ್ದು ರಾತ್ರಿ ಪಾಳಿ. ಒಂದು ವರ್ಷದ ಮೇಲೆ ನನ್ನ ಕೆಲಸ ಹೆಚ್ಚುಕಡಿಮೆ ನಿಂತೇ ಇತ್ತು. ಆದರೆ ವಾರಕ್ಕೊಮ್ಮೆ, ಒಂದು ಗಂಟೆ, ಬಾಗಿಲು ಮುಚ್ಚಿ ಅವರು ನನ್ನ ಲೆಕ್ಕ ನೋಡುತ್ತಿದ್ದರು. ನಿಂತುಹೋದ ಕೆಲಸವನ್ನು ಎತ್ತಿ ನಿಲ್ಲಿಸಿದ್ದು ಆ ಗಂಟೆಯೇ.

ಸೇರುವ ಮುಂಚೆ ಗೈಡ್ ಬಗ್ಗೆ ತಿಳಿಯಲು ಈಗಿನ ವಿದ್ಯಾರ್ಥಿಗಳನ್ನಷ್ಟೇ ಕೇಳಿದರೆ ಸಾಲದು, ಅವರು ಅಲ್ಲೇ ಇರಬೇಕಾದವರು. ಮುಗಿಸಿ ಹೋದವರನ್ನು ಕೇಳಬೇಕು, ಸಾಧ್ಯವಾದರೆ ಮುಗಿಸದೆ ಹೋದವರನ್ನೂ. ಎಷ್ಟು ವರ್ಷ ಹಿಡಿಯಿತು, ಪ್ರಬಂಧದಲ್ಲಿ ಯಾರ ಹೆಸರು ಮೊದಲು ಬಂತು, ಪ್ರಯೋಗ ಕೈಕೊಟ್ಟಾಗ ಗೈಡ್ ಏನಂದರು. ಅಮೆರಿಕದ ಹಲವು ಕಡೆ ಮೊದಲ ವರ್ಷ ಎರಡು ಮೂರು ಪ್ರಯೋಗಾಲಯಗಳಲ್ಲಿ ಕೆಲವು ವಾರಗಳಂತೆ ಕೆಲಸ ಮಾಡಿ ನೋಡಿ ಆಮೇಲೆ ಗೈಡ್ ಆರಿಸಲು ಬಿಡುತ್ತಾರೆ. ಬ್ರಿಟನ್ ಮತ್ತು ಯುರೋಪಿನ ಬಹಳ ಕಡೆ ನಿರ್ದಿಷ್ಟ ಯೋಜನೆಗೇ ಅರ್ಜಿ ಹಾಕಬೇಕು, ಮೂರು ನಾಲ್ಕು ವರ್ಷದಲ್ಲಿ ಮುಗಿಸಬೇಕು. ಪ್ರಶ್ನೆ ಇನ್ನೂ ಸ್ಪಷ್ಟವಾಗದವರಿಗೆ ಮೊದಲನೆಯದು ಒಳ್ಳೆಯದು ಅಂತ ನನ್ನ ಅಭಿಪ್ರಾಯ. ಹಣದ ವಿಷಯದಲ್ಲೂ ಎರಡು ಡಾಕ್ಟರೇಟುಗಳು ತದ್ವಿರುದ್ಧ. ಫಾರ್ಮ್.ಡಿ.ಗೆ ನಾವು ಹಣ ಕಟ್ಟುತ್ತೇವೆ, ಪಿಎಚ್.ಡಿ.ಯಲ್ಲಿ ಸಾಮಾನ್ಯವಾಗಿ ನಮಗೆ ಜೀವನಕ್ಕೆ ಆಗುವಷ್ಟು ಕೊಡುತ್ತಾರೆ. ಪೂರ್ಣಾವಧಿ ಪ್ರಯೋಗಾಲಯದ ಕೆಲಸಕ್ಕೆ ಏನೂ ಕೊಡದೆ ಕರೆಯುವ ಕಡೆ ಹೋಗಬೇಡ ಅಂತಲೇ ನಾನು ಹೇಳುವುದು.

ಎರಡನ್ನೂ ಸೇರಿಸಿ ಏಳೆಂಟು ವರ್ಷದಲ್ಲಿ ಕೊಡುವ ಕೋರ್ಸುಗಳೂ ಇವೆ. ಮೊದಲೇ ಗಟ್ಟಿ ಮನಸ್ಸಿದ್ದವರು ಹೋಗಲಿ. ನನಗಂತೂ ವಾರ್ಡಿಗೆ ಹೋಗುವ ಮೊದಲು ಯಾವ ಪ್ರಶ್ನೆಯೂ ಇರಲಿಲ್ಲ. ಪ್ರಶ್ನೆ ಹುಟ್ಟಿದ್ದು ಆ ಹೆಂಗಸಿನ ಕೇಸ್ ಶೀಟಿನ ಹಿಂಬದಿಯಲ್ಲಿ.

ಇಷ್ಟನ್ನೂ ಬರೆದು ಅವಳಿಗೆ ಕಳಿಸಿದ್ದೆ. ಮೂರು ದಿನ ಸುದ್ದಿಯಿರಲಿಲ್ಲ. ನಿನ್ನೆ ರಾತ್ರಿ ಫೋನ್ ಬಂತು. ಪಟ್ಟಿಯನ್ನು ಎರಡಾಗಿ ಹರಿದಿದ್ದಾಳಂತೆ. ಫಾರ್ಮ್.ಡಿ. ಪಟ್ಟಿಯ ಎರಡು ಕಡೆಯ ಕೊನೆಯ ವರ್ಷದ ವಿದ್ಯಾರ್ಥಿಗಳನ್ನು ಹುಡುಕಿ ನಾನು ಹೇಳಿದ ಪ್ರಶ್ನೆ ಕೇಳಿದ್ದಾಳೆ. ಮೊದಲನೆಯವನು ಗ್ರಂಥಾಲಯ ಬಹಳ ಚೆನ್ನಾಗಿದೆ ಅಂದನಂತೆ.

"ಇನ್ನೊಬ್ಬಳು?"

"ಅವಳು ಮುಕ್ಕಾಲು ಗಂಟೆ ಮಾತಾಡಿದ್ಳು ಅತ್ತೆ. ಒಬ್ರು ಅಜ್ಜನಿಗೆ ರಕ್ತ ಹೆಪ್ಪುಗಟ್ಟದ ಹಾಗೆ ಕೊಡೋ ವಾರ್ಫರಿನ್ ಜೊತೆ ಸೋಂಕಿಗೆ ಅಂತ ಮೆಟ್ರೊನಿಡಜೋಲ್ ಶುರುಮಾಡಿದ್ರಂತೆ. ಇವಳು ನೋಡಿ ಹೇಳಿದ್ಳಂತೆ, ರಕ್ತಸ್ರಾವ ಆಗ್ಬಹುದು ಅಂತ. ಅದನ್ನ ಹೇಳ್ತಾ ಹೇಳ್ತಾ ಅವಳ ದನಿ ಹೇಗಾಯ್ತು ಗೊತ್ತಾ..."

ಸ್ವಲ್ಪ ಹೊತ್ತು ಇಬ್ಬರೂ ಮಾತಾಡಲಿಲ್ಲ. ಆಮೇಲೆ ಅವಳೇ ಕೇಳಿದಳು, "ಅತ್ತೆ, ಮೆಟ್ರೊನಿಡಜೋಲ್ ಕೊಟ್ರೆ ವಾರ್ಫರಿನ್ ಯಾಕೆ ಏರತ್ತೆ? ಎಷ್ಟು ಏರತ್ತೆ ಅಂತ ಮೊದಲೇ ಹೇಳೋಕಾಗಲ್ವಾ?"

"ಯಾಕೆ ಅನ್ನೋದು ಗೊತ್ತು. ಎಷ್ಟು ಅನ್ನೋದು ಗೊತ್ತಿಲ್ಲ" ಅಂದೆ. "ಹುಡುಕು, ಸಿಕ್ಕಿದ್ರೆ ನನಗೂ ಹೇಳು."